ಗಂಟಲಿಗೊಂದು ಗಾಜು

ಮೊದಲೇ ಹೇಳಿಬಿಡುತ್ತೇನೆ, ನಾನು ಯಾವ ಕೆಲಸವನ್ನೂ ವಿಚಾರ ಮಾಡದೆ ಮಾಡುವವನಲ್ಲ. ಒಂದು ಛತ್ರಿ ಕೊಳ್ಳಲು ಎರಡು ಮಳೆಗಾಲ ವಿಚಾರ ಮಾಡಿದವನು ನಾನು. ಹೀಗಿರುವಾಗ ಫಟಫಟಿಗೆ ವಿಂಡ್‌ಶೀಲ್ಡ್ ಹಾಕಿಸಬೇಕೇ ಬೇಡವೇ ಎಂಬ ಗಹನವಾದ ಪ್ರಶ್ನೆಯನ್ನು ಎಷ್ಟು ಶಾಸ್ತ್ರೋಕ್ತವಾಗಿ ಬಿಡಿಸಿರಬಹುದು, ನೀವೇ ಊಹಿಸಿ. ಸಾಕ್ಷಿ, ಪ್ರಯೋಗ, ತಜ್ಞರ ಅಭಿಪ್ರಾಯ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಹೆಂಡತಿಯ ಮಾತೊಂದನ್ನು ಬಿಟ್ಟು ಎಲ್ಲರ ಮಾತನ್ನೂ ಕೇಳಿದೆ.

ಇದು ಎಪ್ಪತ್ತರ ದಶಕದ ಕೊನೆಕೊನೆಯ ಮಾತು. ನನ್ನ ಮನೆ ಬಸವಕಲ್ಯಾಣದಲ್ಲಿ, ಮಾಸ್ತರಿಕೆ ಹುಮನಾಬಾದಿನಲ್ಲಿ. ನಿತ್ಯವೂ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗಿ ಬಂದು ಸಾಕಾಗಿ, ವರ್ಗವಾಗಿ ಹೋಗುತ್ತಿದ್ದ ಒಬ್ಬ ಓವರಸಿಯರರಿಂದ ಹಳೆಯ ಫಟಫಟಿಯೊಂದನ್ನು ಕೊಂಡಿದ್ದೆ. ಅದು ಊರಾಚೆ ದೊಡ್ಡ ರಸ್ತೆ ಕೂಡುವಲ್ಲಿನ ಸಸ್ತಾಪುರ ಬಂಗಲೆಯ ಹತ್ತಿರ ಬಂದರೆ ಕಲ್ಯಾಣದ ನನ್ನ ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಅಷ್ಟು ಗಂಭೀರವಾದ ಸದ್ದು ಅದರದು!

ಆದರೆ ಊರವರು ನನ್ನನ್ನು ಗುರುತಿಸುತ್ತಿದ್ದದ್ದು ಫಟಫಟಿಯಿಂದ ಅಲ್ಲ, ಗಂಟಲಿನಿಂದ. ನಮ್ಮ ಕಡೆ ಮದುವೆಯೆಂದರೆ ಮಂಗಳಾಷ್ಟಕ ಇರಲೇಬೇಕು. ವಧೂವರರ ನಡುವೆ ಅಂತರಪಟ ಹಿಡಿದಾಗ ಎಂಟು ಪದ್ಯ ಹಾಡುತ್ತಾರೆ. ಪ್ರತಿ ಪದ್ಯದ ಕೊನೆಗೆ ‘ಶುಭಮಂಗಳ ಸಾವಧಾನ’ ಎಂದ ಕೂಡಲೇ ಜನ ಅಕ್ಷತೆ ತೂರುತ್ತಾರೆ. ಪದ್ಯಗಳನ್ನು ಆಯಾ ಮದುವೆಗೆ ಹೊಸದಾಗಿ ಕಟ್ಟಿ, ಅದರಲ್ಲಿ ಎರಡೂ ಮನೆಯ ಹಿರಿಯರ ಹೆಸರು ಪೋಣಿಸಬೇಕು. ಹೆಸರು ಬಿಟ್ಟುಹೋದ ಹಿರಿಯರು ಊಟಕ್ಕೆ ಏಳುವುದಿಲ್ಲ. ಹೀಗೆ ಹೆಸರು ಪೋಣಿಸಿ, ರಾಗ ಎಳೆದು ಹಾಡುವುದರಲ್ಲಿ ಕಲ್ಯಾಣದಿಂದ ಹುಮನಾಬಾದಿನವರೆಗೆ ನನ್ನನ್ನು ಮೀರಿಸುವವರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಮೊದಲು ನಾನೇ ಹೇಳುತ್ತಿದ್ದೆ.

ಇಂಥ ಗಂಟಲು ಆ ವರ್ಷದ ಮಾಘಮಾಸದಲ್ಲಿ ಮಂಠಾಳದ ಒಂದು ಮದುವೆಯಲ್ಲಿ ಕೈ ಕೊಟ್ಟಿತು. ಮುಂಜಾನೆಯ ಚಳಿಯಲ್ಲಿ ಫಟಫಟಿ ಹೊಡೆದುಕೊಂಡು ಹೋಗಿದ್ದೆ. ಮೂರನೆಯ ಪದ್ಯದಲ್ಲಿ ಸ್ವರ ಏರಿಸಿದೆ ನೋಡಿ, ಅದು ಏರಿದಲ್ಲೇ ಒಡೆಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕರೊಬ್ಬರು ಪಕ್ಕದವರಿಗೆ ಪಿಸುಗುಟ್ಟಿದರು. ಅವರಿಗೆ ಕಿವಿ ಮಂದ. ಪಿಸುಮಾತು ಇಡೀ ಹಂದರಕ್ಕೆ ಕೇಳಿಸಿತು.

“ಮಾಸ್ತರರ ಗಂಟಲದಾಗ ಹುಂಜ ಹೊಕ್ಕಂಗ ಕಾಣಸ್ತದ!”

ಮನೆಗೆ ಬಂದು ಕಾರಣ ಶೋಧಿಸಿದೆ. ಶೋಧಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಗಾಳಿ! ಫಟಫಟಿ ಓಡಿದಾಗ ಎದುರಿನಿಂದ ಬಡಿಯುವ ತಣ್ಣನೆಯ ಗಾಳಿ ನೇರವಾಗಿ ಗಂಟಲಿಗೆ ಇಳಿದು ಅದನ್ನು ಕೆಡಿಸಿದೆ. ಇದನ್ನು ಹೆಂಡತಿ ಕಸ್ತೂರಿಗೆ ವಿವರಿಸಿದೆ. ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

“ದಾರಿಯಾಗ ಬಾಯಿ ಮುಚ್ಚಿಕೊಂಡು ಹೋಗ್ರಿ. ಎಲ್ಲಾ ಸುದ್ದ ಆಗ್ತದ.”

“ಬಾಯಿ ಮುಚ್ಚಿದರೂ ಮೂಗಿನಿಂದ ಗಾಳಿ ಹೋಗುತ್ತದಲ್ಲ!”

“ಮೂಗಿಂದು ಬಿಡ್ರಿ. ನಾ ಬಾಯಿ ಮಾತ ಹೇಳಾಕತ್ತೇನಿ.”

ಹೆಂಗಸರಿಗೆ ವಿಜ್ಞಾನ ತಿಳಿಯುವುದಿಲ್ಲ ಎಂದು ಮಫ್ಲರ್ ಹುಡುಕಲು ಎದ್ದೆ.

ಮಂಠಾಳದ ಹುಂಜವನ್ನು ಮರೆತುಬಿಡಬಹುದಿತ್ತು. ಆದರೆ ಇಪ್ಪತ್ತು ದಿನಕ್ಕೆ ಹುಮನಾಬಾದಿನಲ್ಲಿ ನನ್ನ ನಾದಿನಿ ಸುಮಿತ್ರಾಳ ಮದುವೆ ಇತ್ತು. ನನ್ನ ಮಾವ ಸಿದ್ರಾಮಪ್ಪನವರಿಗೆ ಅಲ್ಲಿಯ ಪೇಟೆಯಲ್ಲಿ ಬೆಲ್ಲದ ಅಡತಿ ಅಂಗಡಿ. ಮಾತು ಕಡಿಮೆ, ಮೀಸೆ ಜಾಸ್ತಿ. ಬೀಗರು ಲಾತೂರ ಕಡೆಯವರು, ತಮ್ಮ ಪರವಾಗಿ ಹಾಡಲು ಒಬ್ಬ ಗವಾಯಿಯನ್ನು ಹಾರ್ಮೋನಿಯಮ್ ಸಮೇತ ಕರೆತರುತ್ತಾರಂತೆ ಎಂಬ ಸುದ್ದಿ ಬಂತು. ಮಾವ ಅಂಗಡಿಯ ಗಾದಿಯ ಮೇಲೆ ಕೂತು, ಪೇಟೆಯ ನಾಲ್ಕು ಜನರೆದುರು ಹೇಳಿಬಿಟ್ಟರು.

“ಅವರ ಗವಾಯಿ ಬರಲಿ. ನಮ್ಮ ಕಡಿಂದ ನಮ್ಮ ಅಳಿಯಂದ್ರು ಹಾಡ್ತಾರ. ಯಾರದು ಹೆಚ್ಚು, ಮಂದಿ ನೋಡಲಿ.”

ಮದುವೆಯಾಗಿ ಒಂಬತ್ತು ವರ್ಷದಲ್ಲಿ ಮಾವ ನನ್ನನ್ನು ಹೊಗಳಿದ್ದು ಅದೇ ಮೊದಲು. ನನಗೆ ಎದೆ ಉಬ್ಬಿತು. ಕಸ್ತೂರಿಗೆ ಮಾತ್ರ ನಿದ್ದೆ ಹಾರಿತು.

“ಮಂಠಾಳದಾಗ ಆದಂಗ ಅಲ್ಲಿ ಆತು ಅಂದ್ರ ನಮ್ಮ ಅಪ್ಪ ಪೇಟಿಯಾಗ ಮಾರಿ ಎತ್ತಿ ತಿರಗಾಡೋದು ಹ್ಯಾಂಗ್ರಿ? ಸುಮಿಗೆ ಅತ್ತಿಮನ್ಯಾಗ ಜಲ್ಮ ಪೂರಾ ಆಡಿಕೊಳ್ತಾರ. ಬಸ್ಸಿಗೆ ಹೋಗಿ ಬಂದು ಮಾಡ್ರಿ ಇಪ್ಪತ್ತ ದಿನ.”

ಬಸ್ಸು! ಫಟಫಟಿಯ ಮಾಲಕನಾದವನು ಮತ್ತೆ ಬಸ್ಸು ಹತ್ತುವುದುಂಟೇ? ಬೇರೆ ಉಪಾಯ ಬೇಕಾಗಿತ್ತು. ಆಗಲೇ ನನಗೆ ಬೀದರಿನಲ್ಲಿ ಒಬ್ಬ ಡಾಕ್ಟರರ ಫಟಫಟಿಯ ಮುಂದೆ ಕಂಡಿದ್ದ ಗಾಜಿನಂಥ ವಸ್ತು ನೆನಪಾಯಿತು. ವಿಂಡ್‌ಶೀಲ್ಡ್! ಹ್ಯಾಂಡಲ್ಲಿನ ಮೇಲೆ ಎದ್ದು ನಿಂತು, ಗಾಳಿಯನ್ನು ಅತ್ತಿತ್ತ ಸರಿಸಿ, ಸವಾರನನ್ನು ಕಾಪಾಡುವ ಪಾರದರ್ಶಕ ಗೋಡೆ. ಹಾಕಿಸಬೇಕೇ, ಬೇಡವೇ? ವಿಚಾರಣೆ ಆರಂಭವಾಯಿತು.

ಮೊದಲ ಸಾಕ್ಷಿ ಮಸ್ತಾನ್ ಉಸ್ತಾದ್. ಕಲ್ಯಾಣದಲ್ಲಿ ಫಟಫಟಿ ಬಿಚ್ಚಬಲ್ಲವರು ಮೂರ್ನಾಲ್ಕು ಜನ ಇದ್ದರೂ ಬಿಚ್ಚಿದ್ದನ್ನು ಮತ್ತೆ ಜೋಡಿಸಬಲ್ಲವರು ಅವರೊಬ್ಬರೇ.

“ಕಾಂಚ್ ಹಚ್ಚಸ್ತೀರಿ? ಹಚ್ಚಸ್ರಿ ಮಾಸ್ತರ್ ಸಾಬ್, ಭಾಳ ಛಲೋ. ಹವಾ ಬರಂಗಿಲ್ಲ, ಧೂಳ ಬರಂಗಿಲ್ಲ, ಹುಳ ಬಂದು ಕಣ್ಣಾಗ ಬೀಳಂಗಿಲ್ಲ.”

“ಹಾಗಾದರೆ ಹಾಕಿಸಿಬಿಡಲೇ?”

“ಹಾಕಸ್ರಿ. ಖರೆ, ಹವಾ ಕಾಂಚಿಗೆ ಬಡೀತದ, ಗಾಡಿಗೆ ಹಿಂದಕ ಜಗ್ತದ. ಪೆಟ್ರೋಲ್ ಜಾಸ್ತಿ ಕುಡೀತದ.”

“ಅಯ್ಯೋ, ಹಾಗಾದರೆ ಬೇಡವೇ?”

“ಬ್ಯಾಡಂದ್ರ ಬ್ಯಾಡ. ಇಲ್ಲದಿದ್ರೂ ಗಾಡಿ ಓಡ್ತದ. ಹಚ್ಚಿದ್ರೂ ಛಲೋ, ಹಚ್ಚದಿದ್ರೂ ಛಲೋ. ಮಾಲಕ್ ನೀವು.”

ಇಷ್ಟು ಸ್ಪಷ್ಟವಾದ ಅಭಿಪ್ರಾಯ ಪಡೆದು, ಮತ್ತಷ್ಟು ಗೊಂದಲ ಹೊತ್ತುಕೊಂಡು ಮನೆಗೆ ಬಂದೆ.

ಎರಡನೆಯ ಸಾಕ್ಷಿ ನೆರೆಮನೆಯ ಬಸಣ್ಣ ಕಾಕಾ. ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಆದರೂ ಎತ್ತಿನಗಾಡಿ ಹತ್ತಿದರೆ “ರೈಟ್” ಎನ್ನುತ್ತಿದ್ದರು. ಅವರು ನನ್ನ ಸಮಸ್ಯೆಯನ್ನೆಲ್ಲ ಕೇಳಿ, ಎಲೆಅಡಿಕೆ ಮೆದ್ದು, ಒಂದು ಅಪೂರ್ವವಾದ ಸಲಹೆ ಕೊಟ್ಟರು.

“ಮಾಸ್ತರ, ನೀವು ಶಾಣ್ಯಾ ಮನಶಾ. ಸುಮ್ಮ ಯಾಕ ತಲಿ ಕೆಡಿಸಿಕೊಳ್ತೀರಿ? ಒಮ್ಮಿ ಪರೀಕ್ಷಾ ಮಾಡಿ ನೋಡ್ರಿ. ನಿಮ್ಮನ್ಯಾಗ ಮೊರ ಅದ ಇಲ್ಲೋ?”

ಮೊರ ಇತ್ತು. ಕಸ್ತೂರಿ ಅದರಲ್ಲಿ ಜೋಳ ಕೇರುತ್ತಿದ್ದಳು. ಜೋಳವನ್ನು ನೆಲಕ್ಕೆ ಸುರುವಿ ಮೊರ ತೆಗೆದುಕೊಂಡು ಬಂದೆ. ಅವಳು ಏನೋ ಅಂದಳು. ವಿಜ್ಞಾನದ ಹಾದಿಯಲ್ಲಿ ಅಂಥ ಮಾತುಗಳಿಗೆ ಕಿವಿಗೊಡಬಾರದು.

ಪ್ರಯೋಗ ಹೀಗಿತ್ತು. ಮೊದಲು ಮೊರ ಇಲ್ಲದೆ ಕೋಟೆಯ ಹತ್ತಿರದಿಂದ ಸಸ್ತಾಪುರ ಬಂಗಲೆಯವರೆಗೆ ಹೋಗಬೇಕು. ಗಂಟಲು ಹೇಗಿದೆ ಎಂದು ತಿಳಿಯಲು ದಾರಿಯುದ್ದಕ್ಕೂ ಮಂಗಳಾಷ್ಟಕ ಹಾಡಬೇಕು. ಬರುವಾಗ ಬಸಣ್ಣ ಕಾಕಾ ಹಿಂದಿನಿಂದ ಎರಡೂ ಕೈ ಚಾಚಿ ನನ್ನ ಗಂಟಲ ಮುಂದೆ ಮೊರ ಹಿಡಿಯಬೇಕು. ಆಗಲೂ ಅದೇ ಎಂಟು ಪದ್ಯ ಹಾಡಬೇಕು. ಎರಡನ್ನೂ ಹೋಲಿಸಿದರೆ ಸತ್ಯ ಹೊರಬೀಳುತ್ತದೆ.

“ರೈಟ್!” ಎಂದರು ಕಾಕಾ. ಹೊರಟೆವು.

ಹೋಗುವಾಗ ಹಾಡಿದೆ. ಬಂಗಲೆಯ ಹತ್ತಿರ ಗಂಟಲು ಸ್ವಲ್ಪ ಕೆರೆಯಿತು. ಬರುವಾಗ ಕಾಕಾ ಮೊರ ಹಿಡಿದರು. ಮತ್ತೆ ಹಾಡಿದೆ. ಮೊರ ಗಾಳಿಗೆ ಮೇಲೇರಿ ನನ್ನ ಕಣ್ಣಿಗೆ ಅಡ್ಡ ಬಂತು. ನಾನು ಗದ್ದದಿಂದ ಅದನ್ನು ಒತ್ತಿ ಹಿಡಿದೆ. ಮೊರದಲ್ಲಿ ಉಳಿದಿದ್ದ ಹೊಟ್ಟೆಲ್ಲ ಹಾರಿ ನನ್ನ ಬಾಯಿಗೇ ಬಂತು. ಎದುರಿಗೆ ಬಂದ ಕಬ್ಬಿನ ಗಾಡಿಯವನು ನಮ್ಮನ್ನು ನೋಡಿ ಎತ್ತು ನಿಲ್ಲಿಸಿ ಕೈಮುಗಿದ. ಯಾವ ದೇವರ ಹರಕೆ ಎಂದುಕೊಂಡನೋ! ಮನೆ ಮುಟ್ಟುವ ಹೊತ್ತಿಗೆ ನನ್ನ ಧ್ವನಿ ಇನ್ನೂ ಕೆಟ್ಟಿತ್ತು. ಕಾಕಾ ಒಂದು ನಿಮಿಷ ಗಂಭೀರವಾಗಿ ವಿಚಾರ ಮಾಡಿ ತೀರ್ಪು ಕೊಟ್ಟರು.

“ಮೊರ ಸಣ್ಣದಾತು. ದೊಡ್ಡ ಗಾಜೇ ಬೇಕು.”

ನನಗೂ ಅದೇ ಅನಿಸಿತ್ತು. ಇಬ್ಬರು ಅನುಭವಸ್ಥರು ಒಂದೇ ಮಾತಿಗೆ ಬಂದ ಮೇಲೆ ಇನ್ನೇನು? ಬಾಗಿಲಲ್ಲಿ ನಿಂತಿದ್ದ ಕಸ್ತೂರಿ ಮೊರ ಇಸಿದುಕೊಂಡು, “ಗಾಳಿದೇನೂ ತಪ್ಪಿಲ್ರಿ ಕಾಕಾ” ಎಂದಳು. “ಪಾಪ, ಅದಕ್ಕ ಯಾಕ ಹೆಸರ ಇಡ್ತೀರಿ?” ಕಾಕಾ ನಕ್ಕರು. ನಾನೂ ನಕ್ಕೆ. ಏನು ಹೇಳಿದಳು ಎಂದು ಇಬ್ಬರಿಗೂ ತಿಳಿದಿರಲಿಲ್ಲ.

ಉಸ್ತಾದರು ಹೈದರಾಬಾದಿನಿಂದ ದಪ್ಪ ಪ್ಲಾಸ್ಟಿಕ್ಕಿನ ಗಾಜು ತರಿಸಿದರು. “ಎಷ್ಟು ಎತ್ತರ ಇರಲಿ ಸಾಬ್?” ಎಂದು ಕೇಳಿದರು. ಮೊರದ ಪಾಠ ಕಲಿತಿದ್ದ ನಾನು, “ದೊಡ್ಡದೇ ಇರಲಿ” ಎಂದೆ. ಕಬ್ಬಿಣದ ಪಟ್ಟಿ ಹಾಕಿ, ನಟ್ಟು ಬಿಗಿದು, ಕೂಡಿಸಿಯೇಬಿಟ್ಟರು. ನೋಡಿದರೆ ಗಾಜಿನ ಮೇಲಂಚು ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕೆ ಬಂದಿತ್ತು! ಕಣ್ಣಿನ ಮೇಲರ್ಧಕ್ಕೆ ಒಂದು ರಸ್ತೆ ಕಾಣುತ್ತಿತ್ತು, ಕೆಳಗಿನ ಅರ್ಧಕ್ಕೆ ಇನ್ನೊಂದು. ಎದುರಿಗೆ ಬಂದ ಎಮ್ಮೆಗೆ ಎರಡು ಬೆನ್ನು. ಕತ್ತು ಎತ್ತಿದರೆ ಗಾಳಿ, ತಗ್ಗಿಸಿದರೆ ಮಸುಕು. ಕೊನೆಗೆ ತಗ್ಗಿಸಿ ಹೋಗುವುದೇ ಗಂಟಲಿಗೆ ಕ್ಷೇಮವೆಂದು ನಿರ್ಧರಿಸಿದೆ.

ಹೊಸ ವಸ್ತು ಮನೆಗೆ ಬಂದ ಮೇಲೆ ಪೂಜೆ ಆಗಬೇಕಲ್ಲ. ಕಸ್ತೂರಿ ಕಾಯಿ ಒಡೆದು, ಮೂರು ಬೆರಳಿಂದ ಗಾಜಿಗೆ ವಿಭೂತಿ ಹಚ್ಚಿದಳು. ತಗ್ಗಿಸಿದ ನನ್ನ ಕಣ್ಣು ಎಲ್ಲಿ ಬರುತ್ತದೋ ಸರಿಯಾಗಿ ಅಲ್ಲೇ!

“ಸುಮಿ ಮದುವಿ ಆಗೋತನಕ ಅಳಿಸಬ್ಯಾಡ್ರಿ, ಛಲೋ ಅಲ್ಲ” ಎಂದಳು.

ಅಂದಿನಿಂದ ನನಗೆ ಕಲ್ಯಾಣದಿಂದ ಹುಮನಾಬಾದಿನವರೆಗೆ ಎದುರಾದ ಮನುಷ್ಯ, ಲಾರಿ, ಕತ್ತೆ ಎಲ್ಲವೂ ವಿಭೂತಿ ಧರಿಸಿಯೇ ಕಾಣಿಸಿದವು. ಆದರೆ ಗಾಳಿ ಮಾತ್ರ ತಾಗಲಿಲ್ಲ. ಮದುವೆಯ ಪದ್ಯ ಕಟ್ಟುವ ಕೆಲಸದಲ್ಲಿ ಮುಳುಗಿದ್ದರಿಂದ ಆ ದಿನಗಳಲ್ಲಿ ದಾರಿಯಲ್ಲಿ ಮನಸ್ಸಿನಲ್ಲೇ ಅಕ್ಷರ ಎಣಿಸುತ್ತ ಹೋಗುತ್ತಿದ್ದೆ. ಗಂಟಲು ದಿನದಿನಕ್ಕೆ ಸುಧಾರಿಸಿತು. ನೋಡಿದಿರಾ ಗಾಜಿನ ಮಹಿಮೆ! ಮದುವೆಗೆ ಮೂರು ದಿನ ಇರುವಾಗ ಮಾವನ ಮನೆಗೆ ಹೋಗಿ, ಪಡಸಾಲೆಯಲ್ಲಿ ಒಂದು ಪದ್ಯ ಹಾಡಿ ತೋರಿಸಿದೆ.

“ಬೆಲ್ಲದ ಪೇಟೆಗೆ ಬೆಳಕಾಗಿರುವ ಸಿದ್ರಾಮಪ್ಪನ ಕುವರಿ, ಲಾತೂರಿನ ಮನೆ ಬೆಳಗಲು ಹೊರಟಳು ಸುಮಿತ್ರೆ ಎಂಬ ಸುಕುಮಾರಿ...”

ಮಾವ ಮೀಸೆ ತಿರುವಿದರು. “ಅಳಿಯಂದ್ರ, ಖಣಖಣ ಅದ ಧ್ವನಿ” ಎಂದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದರು. ಮತ್ತೆ ಒಳಗೆ ಹೋದರು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಸಭೆ ಸೇರಿಸಿ ಭಾಷಣ ಮಾಡುತ್ತಿದ್ದೆ.

ನಾವು ಹಿಂದಿನ ದಿನವೇ ಹುಮನಾಬಾದಿಗೆ ಬಂದಿದ್ದೆವು. ಮದುವೆಯ ದಿನ ಮುಂಜಾನೆ ಎರಡು ಸಂಗತಿ ಒಟ್ಟಿಗೆ ಬೆಳಕಿಗೆ ಬಂದವು. ಒಂದು, ನಾನು ಕಟ್ಟಿದ ಪದ್ಯಗಳನ್ನು ಹಂಚಲು ಗುಲಾಬಿ ಬಣ್ಣದ ಕಾಗದದ ಮೇಲೆ ಅಚ್ಚು ಹಾಕಲು ಕೊಟ್ಟಿದ್ದೆ, ಅವು ಕಲ್ಯಾಣದ ಪ್ರೆಸ್ಸಿನಲ್ಲೇ ಉಳಿದಿದ್ದವು. ಎರಡು, ಅಕ್ಕನಾದವಳು ಆರತಿ ಎತ್ತಬೇಕಾದ ಬೆಳ್ಳಿತಟ್ಟೆ ಕಲ್ಯಾಣದ ಮನೆಯ ಪೆಟ್ಟಿಗೆಯಲ್ಲೇ ಉಳಿದಿತ್ತು. ನನ್ನ ಮೂರು ಮಫ್ಲರ್ ಕಟ್ಟುವ ಗಡಿಬಿಡಿಯಲ್ಲಿ ಕಸ್ತೂರಿ ಅದನ್ನು ಮರೆತಿದ್ದಳು. ಅಕ್ಷತೆಯ ಮುಹೂರ್ತ ಮಧ್ಯಾಹ್ನಕ್ಕೆ. ಹೊತ್ತು ಬೇಕಾದಷ್ಟಿತ್ತು.

“ಪೆಟ್ಟಿಗೆಯ ಕೀಲಿ ಕೊಡು, ಎರಡನ್ನೂ ನಾನೇ ತರುತ್ತೇನೆ” ಎಂದೆ.

“ಕೀಲಿ ನಿಮ್ಮ ಕೈಯಾಗ ಕೊಟ್ರ ಕೀಲಿ ಹುಡುಕಲಿಕ್ಕ ಮತ್ತ ಯಾರಿಗೆ ಕಳಸಲಿ? ನಾನೂ ಬರ್ತೀನಿ.”

ಹೋಗುವಾಗ ಏನೂ ಆಗಲಿಲ್ಲ. ತಟ್ಟೆ ಸಿಕ್ಕಿತು, ಪ್ರೆಸ್ಸಿನವನು ಮಸಿ ಹಸಿಯಿದ್ದ ಕಾಗದದ ಕಟ್ಟು ಕೊಟ್ಟ. ಕಸ್ತೂರಿ ತಟ್ಟೆಯನ್ನು ಒಂದು ತೋಳಲ್ಲಿ, ಕಾಗದವನ್ನು ಇನ್ನೊಂದು ತೋಳಲ್ಲಿ ಅವಚಿಕೊಂಡು ಹಿಂದೆ ಕೂತಳು. ಹೊರಡುವ ಮುಂಚೆ ನನಗೊಂದು ಒಳ್ಳೆಯ ವಿಚಾರ ಹೊಳೆಯಿತು. ಒಳ್ಳೆಯ ವಿಚಾರಗಳೇ ನನ್ನನ್ನು ಹಾಳು ಮಾಡಿದ್ದು. ಅಚ್ಚಿನಲ್ಲಿ ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ? ದಾರಿಯಲ್ಲೇ ಒಮ್ಮೆ ಓದಿ ನೋಡಬಹುದಲ್ಲ! ಒಂದು ಗುಲಾಬಿ ಕಾಗದ ತೆಗೆದು ಗಾಜಿನ ಒಳಮೈಗೆ, ಕಬ್ಬಿಣದ ಪಟ್ಟಿಯ ಸಂದಿಯಲ್ಲಿ ಸಿಕ್ಕಿಸಿದೆ. ಗಾಳಿ ಇಲ್ಲದ ಜಾಗ, ಕಾಗದ ಅಲುಗಲಿಲ್ಲ. ಇಂಥ ಅನುಕೂಲ ಆ ಬೀದರಿನ ಡಾಕ್ಟರಿಗೂ ಹೊಳೆದಿರಲಾರದು.

ಸಸ್ತಾಪುರ ದಾಟಿ ದೊಡ್ಡ ರಸ್ತೆಗೆ ಬಿದ್ದೆವು. ಬಿಸಿಲು ಹದವಾಗಿತ್ತು, ರಸ್ತೆ ಖಾಲಿ ಇತ್ತು. ಕಣ್ಣ ಮುಂದೆ ನನ್ನದೇ ಪದ್ಯ, ಅದೂ ಅಚ್ಚಿನಲ್ಲಿ! ಮೊದಲು ತುಟಿಯಲ್ಲೇ ಓದಿದೆ. ಆಮೇಲೆ ಸಣ್ಣಗೆ ಗುನುಗಿದೆ. ಆಗ ಒಂದು ಚಮತ್ಕಾರ ನಡೆಯಿತು. ನಾನು ಬಿಟ್ಟ ಸ್ವರ ಗಾಜಿಗೆ ತಾಗಿ ತಿರುಗಿ ನನ್ನ ಕಿವಿಗೇ ಬಂತು. ಎಷ್ಟು ದುಂಡಗೆ, ಎಷ್ಟು ಇಂಪಾಗಿ! ಇಷ್ಟು ವರ್ಷ ಜನ ಕೇಳಿದ ನನ್ನ ಧ್ವನಿಯನ್ನು ನಾನು ಅಂದೇ ಮೊದಲ ಸಲ ಕೇಳಿದ್ದು. ಜನ ಹೊಗಳಿದ್ದು ಕಡಿಮೆಯೇ ಆಯಿತು ಎನಿಸಿತು. ಇನ್ನಷ್ಟು ಏರಿಸಿದೆ. ಗಾಜು ಇನ್ನಷ್ಟು ಕೊಟ್ಟಿತು. ಇಂಜಿನ್ನಿನ ಸದ್ದಿಗೆ ಮೀರಿ ಹಾಡಿದೆ. “ಶುಭಮಂಗಳ ಸಾವಧಾನ!” ಎಂದು ಎಳೆದಾಗ ರಸ್ತೆ ಬದಿಯ ಕುರಿಮಂದೆ ಹೊಲಕ್ಕೆ ಇಳಿಯಿತು. ಹಾರ್ನಿನ ಕೆಲಸವೂ ಉಳಿಯಿತು.

ಬೆನ್ನ ಮೇಲೆ ಯಾರೋ ಬಡಿದಂತಾಯಿತು. ಕಸ್ತೂರಿ! ಹಿಂದೆ ಏನೋ ಕೂಗುತ್ತಲೂ ಇದ್ದಳು, ಗಾಜಿನಿಂದ ಮರಳಿ ಬರುವ ನನ್ನ ಧ್ವನಿಯಲ್ಲಿ ಅವಳದು ಕೇಳಿಸಲಿಲ್ಲ. ಪಾಪ, ಒಂಬತ್ತು ವರ್ಷದ ಮೇಲೆ ಗಂಡನ ಹಾಡು ಮೆಚ್ಚಿ ತಾಳ ಹಾಕುತ್ತಿದ್ದಾಳೆ ಎಂದುಕೊಂಡು ಉಬ್ಬಿಹೋದೆ. ಅವಳು ಜೋರಾಗಿ ಬಡಿದಳು. ನಾನು ಜೋರಾಗಿ ಹಾಡಿದೆ. ಬೆಳ್ಳಿತಟ್ಟೆಯಿಂದಲೂ ಎರಡು ಬಿದ್ದವು. ತಾಳಕ್ಕೆ ಝಾಂಜ್ ಸೇರಿತು! ಅರ್ಧ ದಾರಿಯ ರಾಜೇಶ್ವರ ಊರು ಬರುವಷ್ಟರಲ್ಲಿ ಎಂಟೂ ಪದ್ಯ ಒಂದು ಸುತ್ತು ಮುಗಿದಿದ್ದವು. ಎರಡನೆಯ ಸುತ್ತನ್ನು ಇನ್ನೂ ಮೇಲಿನ ಸ್ವರದಲ್ಲಿ ಹಿಡಿದೆ.

ಹುಮನಾಬಾದಿನ ಹಂದರದ ಮುಂದೆ ಫಟಫಟಿ ನಿಲ್ಲಿಸಿ, ವಿಜಯೋತ್ಸಾಹದಿಂದ ಕಸ್ತೂರಿಯತ್ತ ತಿರುಗಿ, “ಹೇಗಿತ್ತು?” ಎಂದೆ.

ಎಂದೆ ಎಂದು ನಾನು ಹೇಳುತ್ತಿದ್ದೇನೆ. ಹೊರಗೆ ಬಂದದ್ದು ಬರೀ ಉಸಿರು.

ಮತ್ತೆ ಪ್ರಯತ್ನಿಸಿದೆ. ಸೈಕಲ್ಲಿನ ಟ್ಯೂಬಿನಿಂದ ಗಾಳಿ ಬಿಟ್ಟಂತೆ “ಹೆ...ಹ್” ಎಂದಿತು. ಕಸ್ತೂರಿಯ ಮುಖ ಬಿಳಿಚಿತು. ಸಿಟ್ಟು ಬಂದಿದ್ದರೆ ತಡೆಯಬಹುದಿತ್ತು, ಅವಳ ಕಣ್ಣಲ್ಲಿ ನೀರು ಬಂತು.

“ಗಾಳಿ ಅಲ್ಲರೀ ಅದು! ಹುಮನಾಬಾದ್ ತನಕ ಹಾಡಕೋತ ಬಂದ್ರ ಯಾರ ಗಂಟಲ ಉಳೀತದ್ರಿ? ದಿನಾ ಹೋಗ್ತಾ ಹಾಡ್ತೀರಿ, ಬರ್ತಾ ಹಾಡ್ತೀರಿ. ಮಂಠಾಳಕ್ಕೂ ಹಾಡಕೋತನೇ ಹೋದ್ರಿ. ಎಷ್ಟ ಸಲ ಹೇಳೇನಿ ಬಾಯಿ ಮುಚ್ಚ್ರಿ ಅಂತ?”

ನನ್ನ ಇಡೀ ಸಂಶೋಧನೆ ಒಂದೇ ಕ್ಷಣದಲ್ಲಿ ಕುಸಿದುಬಿತ್ತು. ಮೊರ ಇದ್ದಾಗಲೂ ಹಾಡಿದ್ದೆ, ಇಲ್ಲದಾಗಲೂ ಹಾಡಿದ್ದೆ. ಗಂಟಲು ಸುಧಾರಿಸಿದ್ದು ಗಾಜಿನಿಂದಲ್ಲ, ಅಕ್ಷರ ಎಣಿಸುತ್ತ ಬಾಯಿ ಮುಚ್ಚಿಕೊಂಡಿದ್ದರಿಂದ! ಇದು ಮೂರನೆಯ ಇಯತ್ತೆಯ ಹುಡುಗನಿಗೂ ತಿಳಿಯಬೇಕಾದ ಮಾತು. ಮಾಸ್ತರನಿಗೆ ತಿಳಿದಿರಲಿಲ್ಲ.

ಕಲ್ಲುಸಕ್ಕರೆ ಬಂತು, ಮೆಣಸಿನ ಕಷಾಯ ಬಂತು, ಬಿಸಿನೀರು ಬಂತು. ಯಾವುದೂ ಕೇಳಲಿಲ್ಲ. ಮಾವನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಧೈರ್ಯವಿದ್ದರೂ ಧ್ವನಿ ಇರಲಿಲ್ಲ. ಅಷ್ಟರಲ್ಲಿ ಅಂತರಪಟ ಹಿಡಿದರು.

ಮೊದಲ ಸರದಿ ಬೀಗರದು. ಗವಾಯಿ ಹಾರ್ಮೋನಿಯಮ್ ಮೇಲೆ ಬೆರಳಾಡಿಸಿ, ಕಣ್ಣು ಮುಚ್ಚಿ, ಮರಾಠಿಯಲ್ಲಿ ಹಾಡಿದ. ಸುಳ್ಳು ಯಾಕೆ, ಬಹಳ ಚೆನ್ನಾಗಿ ಹಾಡಿದ. ಅಕ್ಷತೆ ಮಳೆ ಸುರಿದಂತೆ ಬಿತ್ತು. ಆಮೇಲೆ ಮೈಕನ್ನು ನನ್ನ ಕಡೆ ತಿರುಗಿಸಿದರು. ಪೇಟೆಯ ಮಂದಿಯೆಲ್ಲ ಅಕ್ಷತೆ ಹಿಡಿದ ಮುಷ್ಟಿ ಎತ್ತಿ ನಿಂತರು. ಮಾವ ಮೀಸೆಯ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದೆ.

ಹಂದರದ ತುಂಬ “ಹ್ಹ್ಹ್...” ಎಂಬ ಸದ್ದು ಹಬ್ಬಿತು. ಮೈಕಿನವನು ಓಡಿಬಂದು ತನ್ನ ತಂತಿ ಪರೀಕ್ಷಿಸಿದ. ಪಾಪ, ದೋಷ ಅವನ ತಂತಿಯದಲ್ಲ. ಎರಡನೆಯ ಸಲ ತೆರೆದೆ. ಮತ್ತದೇ. ಬೀಗರ ಕಡೆ ಯಾರೋ ಕಿಸಕ್ಕೆಂದರು. ಮಾವನ ಕೈ ಮೀಸೆಯಿಂದ ಮೆಲ್ಲಗೆ ಕೆಳಗಿಳಿಯಿತು. ಆ ಕೈ ಇಳಿದದ್ದನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಅವತ್ತು ಬಿಟ್ಟ ಬಾಯಿ ನನ್ನದೊಂದೇ.

ಆಗ ಪಕ್ಕದಿಂದ ಬೆಳ್ಳಿತಟ್ಟೆಯೊಂದು ನನ್ನ ಕೈಗೆ ಬಂತು. ದೀಪ ಹಚ್ಚಿದ ಆರತಿ ತಟ್ಟೆ.

“ಇದ ಹಿಡೀರಿ. ಅಲ್ಲಾಡಬ್ಯಾಡ್ರಿ” ಎಂದಳು ಕಸ್ತೂರಿ. ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು.

ಹಾಡಿದಳು! ಕಾಗದ ನೋಡಲಿಲ್ಲ. ನೋಡುವ ಅಗತ್ಯವೇನಿತ್ತು? ನಾನು ಪದ್ಯ ಕಟ್ಟುವಾಗ ಮನೆಯ ತುಂಬ ಓದಿದ್ದೆ, ಅವತ್ತು ದಾರಿಯಲ್ಲಿ ಎರಡು ಸುತ್ತು ಕಿರುಚಿದ್ದೆ. ರಾಗವೂ ನನ್ನದೇ, ಆದರೆ ನಾನು ಎಳೆದು ಎಳೆದು ಹರಿಯುತ್ತಿದ್ದಲ್ಲಿ ಅವಳು ಮೆಲ್ಲಗೆ ಇಳಿಸಿದಳು. ಮೊದಲ “ಸಾವಧಾನ”ಕ್ಕೆ ಜನ ಅಕ್ಷತೆ ತೂರುವುದನ್ನೇ ಮರೆತು ನಿಂತಿದ್ದರು. ಗವಾಯಿ ಹಾರ್ಮೋನಿಯಮ್ಮಿಗೆ ಕೈಹಾಕಿ ಅವಳ ಸ್ವರ ಹುಡುಕಿ ಜೊತೆಗೂಡಿದ. ಪದ್ಯದ ಮೇಲೆ ಪದ್ಯ ಸಾಗಿತು. ಮಾವನ ಕೈ ಮೇಲೇರಿ ಮತ್ತೆ ಮೀಸೆ ಮುಟ್ಟಿತು.

ಎಂಟನೆಯ ಪದ್ಯದಲ್ಲಿ ಅವಳು ಕಾಗದದಲ್ಲಿ ಇಲ್ಲದ ಒಂದು ಸಾಲು ಹಾಡಿದಳು.

“ಹೊತ್ತು ಹೆತ್ತು, ಹೊಗೆಯಲಿ ನಿಂತು ಉಣಿಸಿದ ಗೌರಮ್ಮನ ಮಗಳು...”

ಗೌರಮ್ಮ ನನ್ನ ಅತ್ತೆ! ಭಾಲ್ಕಿಯ ಸೋದರಮಾವ, ಹುಲಸೂರಿನ ದೊಡ್ಡಪ್ಪ, ಅಂಗಡಿಯ ಮುನೀಮ, ಇಷ್ಟು ಜನರ ಹೆಸರು ಪೋಣಿಸಿದ್ದ ನಾನು ಹಡೆದ ತಾಯಿಯ ಹೆಸರನ್ನೇ ಬಿಟ್ಟಿದ್ದೆ. ಅಚ್ಚಿನಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ದಾರಿಯುದ್ದಕ್ಕೂ ಹುಡುಕಿದ್ದೆನಲ್ಲ, ಸಿಕ್ಕಿರಲಿಲ್ಲ. ಅತ್ತೆ ಹೆಂಗಸರ ನಡುವೆ ನಿಂತಿದ್ದರು. ಹೆಸರು ಬಂದ ಕೂಡಲೇ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಅಂತರಪಟದ ಆಚೆ ಸುಮಿಯೂ ಅತ್ತಳು. ಆರತಿ ತಟ್ಟೆ ಹಿಡಿದು ನಿಂತ ನನ್ನ ಕಣ್ಣಿಗೂ ಏನೋ ಬಿತ್ತು. ಹೊಗೆ ಇರಬೇಕು.

ಊಟದ ಪಂಕ್ತಿಯಲ್ಲಿ ಗವಾಯಿ ತಾನಾಗಿಯೇ ಬಂದು ಕಸ್ತೂರಿಗೆ ಕೈಮುಗಿದ. ಮಾವ ನನ್ನ ಎಲೆಗೆ ತಾವೇ ಹೋಳಿಗೆ ಬಡಿಸಿ, “ಅಳಿಯಂದ್ರ, ಮೊದಲೇ ಹೇಳಬಾರದಾ? ನಮ್ಮ ಕೂಸು ಹಾಡ್ತದಂತ ನಮಗೇನ ಗೊತ್ತ!” ಎಂದರು. ನನಗೂ ಗೊತ್ತಿರಲಿಲ್ಲ ಎಂದು ಹೇಳಬೇಕೆಂದುಕೊಂಡೆ. ಧ್ವನಿ ಇರಲಿಲ್ಲ. ದೇವರು ದೊಡ್ಡವನು.

ಮುಂದಿನ ಮದುವೆಯ ಸುಗ್ಗಿಗೆ ಕರೆಯುವವರು ಮನೆಗೆ ಬರತೊಡಗಿದರು. ನಾನು ಬಾಗಿಲು ತೆರೆದು, “ತಾರೀಖು ಯಾವುದು?” ಎಂದು ಡೈರಿ ತೆಗೆಯುತ್ತಿದ್ದೆ. ಅವರು ನನ್ನ ಹೆಗಲ ಮೇಲಿಂದ ಒಳಗೆ ಇಣುಕುತ್ತಿದ್ದರು. “ಅಕ್ಕೋರು ಅದಾರೇನ್ರಿ ಮಾಸ್ತರ?” ಮಾಣಿಕನಗರದಿಂದ ಬಂದವರೊಬ್ಬರು ನನಗೆ ಸಮಾಧಾನವೂ ಹೇಳಿದರು. “ನೀವೂ ಬರ್ರಿ ಮತ್ತ. ಅಕ್ಕೋರನ್ನ ಕರಕೊಂಡು ಬರಲಿಕ್ಕ ಯಾರರೆ ಬೇಕಲ್ರಿ.”

ಯಾರಾದರೂ! ಮಂಗಳಾಷ್ಟಕದ ಮಾಸ್ತರ ಹೀಗೆ ಫಟಫಟಿಯ ಡ್ರೈವರ್ ಆದ.

ಮಾಣಿಕನಗರದ ಆ ಮದುವೆಗೆ ಹೊರಡುವ ಮುಂಜಾನೆ ಹಲ್ಲು ಕಟಕಟ ಎನ್ನುವ ಚಳಿ. ಅಂಗಳಕ್ಕೆ ಬಂದು ನೋಡುತ್ತೇನೆ, ಮಸ್ತಾನ್ ಉಸ್ತಾದ್ ಪಾನಾ ಹಿಡಿದು ನನ್ನ ಗಾಜು ಬಿಚ್ಚುತ್ತಿದ್ದಾರೆ! ಬಸಣ್ಣ ಕಾಕಾ ಪಕ್ಕದಲ್ಲಿ ನಿಂತು ಮೇಲ್ವಿಚಾರಣೆ ನಡೆಸಿದ್ದಾರೆ. ಕಸ್ತೂರಿ ರೇಷ್ಮೆ ಸೀರೆಯುಟ್ಟು ಕಟ್ಟೆಯ ಮೇಲೆ ಕೂತಿದ್ದಾಳೆ.

“ಯಾರು ಬಿಚ್ಚಲು ಹೇಳಿದರು?”

“ನಾನ ಹೇಳೇನಿ” ಎಂದಳು ಕಸ್ತೂರಿ. “ಅದು ಇದ್ರ ನಿಮ್ಮ ಧ್ವನಿ ನಿಮಗ ಕೇಳಸ್ತದ. ನಿಮಗ ಕೇಳಿಸ್ತಂದ್ರ ಹಾಡ್ತೀರಿ. ನೀವು ಹಾಡಿದ್ರ ನನಗ ರಾಗ ತಪ್ತದ. ಮಾಳಗಿ ಮ್ಯಾಲ ಇಡ್ತೀನಿ, ಹಪ್ಪಳ ಒಣಗಸೂಮುಂದ ಗಾಳಿಗಿ ಅಡ್ಡ ಆಗ್ತದ.”

ನಾನು ಸುಲಭಕ್ಕೆ ಸೋಲುವವನಲ್ಲ. ಹೊಸದೊಂದು ಶಾಸ್ತ್ರೋಕ್ತ ಪ್ರಶ್ನೆ ಎತ್ತಿದೆ.

“ಈಗ ಹಾಡುವವಳು ನೀನು. ಈ ಚಳಿಯಲ್ಲಿ ಗಾಳಿ ಬಡಿದು ನಿನ್ನ ಗಂಟಲು ಕೆಟ್ಟರೆ? ನಿನಗಾದರೂ ಗಾಜು ಬೇಡವೇ?”

ಕಸ್ತೂರಿ ನನ್ನನ್ನು ಮೇಲಿಂದ ಕೆಳಗೆ, ಆಮೇಲೆ ಈ ಹೆಗಲಿಂದ ಆ ಹೆಗಲಿಗೆ, ಅಳತೆ ತೆಗೆಯುವವಳಂತೆ ನೋಡಿದಳು.

“ನೀವೇ ಅದೀರಲ್ರಿ ಮುಂದ. ಮತ್ತ ಗಾಜ ಯಾಕ?”

ಉಸ್ತಾದರು ಕೊನೆಯ ನಟ್ಟು ಬಿಚ್ಚಿದರು. ನಾನು ಮಫ್ಲರ್ ಸುತ್ತಿಕೊಂಡು, ಬಾಯಿ ಮುಚ್ಚಿಕೊಂಡು, ಮುಂದೆ ಹೋಗಿ ಕೂತೆ. ಅವಳು ನನ್ನ ಬೆನ್ನ ಮರೆಗೆ ಬೆಚ್ಚಗೆ ಕೂತಳು.

“ರೈಟ್!” ಎಂದರು ಬಸಣ್ಣ ಕಾಕಾ.